ಇಳಕಲ್ ಸೀರೆಯ ಬಣ್ಣದಲ್ಲಿ ಫ್ಯೂಸ್ ಬೀಡ್ಸ್ ಟ್ರೇ: ಅಂಟು ಹಚ್ಚದೆ ಕೂಡಿಸುವ ಬಗೆ

ಫ್ಯೂಸ್ ಬೀಡ್ಸ್ ಅಂದರೆ ಮಕ್ಕಳು ಚಿಟ್ಟೆ, ಹೂವು, ಕೀ ಚೈನ್ ಮಾಡುವ ಸಣ್ಣ ಪ್ಲಾಸ್ಟಿಕ್ ಮಣಿ ಅಂತಲೇ ಹೆಚ್ಚಿನವರಿಗೆ ಗೊತ್ತು. ಮೊಳೆಗಳಿರುವ ಬೋರ್ಡ್ (ಪೆಗ್‌ಬೋರ್ಡ್) ಮೇಲೆ ಮಣಿ ಜೋಡಿಸಬೇಕು. ಮೇಲೆ ಕಾಗದ ಇಟ್ಟು ಇಸ್ತ್ರಿ ಮಾಡಬೇಕು. ಮಣಿಗಳು ಒಂದಕ್ಕೊಂದು ಹತ್ತಿಕೊಂಡು ಚಪ್ಪಟೆ ಚಿತ್ರವಾಗುತ್ತದೆ. ಆದರೆ ಅದೇ ಚಪ್ಪಟೆ ತುಂಡುಗಳಿಗೆ ಹಲ್ಲು (ಹೊರಗೆ ಚಾಚಿದ ಭಾಗ) ಮತ್ತು ಕಚ್ಚು (ಹಲ್ಲು ಕೂರಲು ಬಿಟ್ಟ ಖಾಲಿ ಜಾಗ) ಕೊಟ್ಟು ನೋಡಿ. ಗೋಡೆಗಳು ಎದ್ದು ನಿಲ್ಲುತ್ತವೆ, ತಳ ಸೇರಿಕೊಳ್ಳುತ್ತದೆ, ದಿನಾ ಬಳಸುವಂಥ ಒಂದು ಟ್ರೇ ಆಗುತ್ತದೆ.

ಇಲ್ಲಿ ಹೇಳುತ್ತಿರುವುದು ಅಂಥ ಒಂದು ಟ್ರೇ. 12.5 ಸೆಂಟಿಮೀಟರ್ ಉದ್ದ, 8.5 ಅಗಲ, 4.5 ಎತ್ತರ, ಒಳಗೆ ಎರಡು ಮನೆ. ಹೊಲಿಗೆ ಮಷಿನ್ನಿನ ಬಾಬಿನ್, ಗುಂಡಿ, ಹುಕ್ಕು, ಪಿನ್ನು, ಕಸೂತಿ ದಾರದ ಸಣ್ಣ ಉಂಡೆ ಎಲ್ಲಕ್ಕೂ ಸಾಕು. ಬಣ್ಣ ನಮ್ಮ ಬಾಗಲಕೋಟೆ ಜಿಲ್ಲೆಯದೇ. ಇಳಕಲ್ ಸೀರೆಯ ದಡಿಯ ಕೆಂಪು, ಟೋಪತೆನಿ ಸೆರಗಿನಲ್ಲಿ ಸಾಲಾಗಿ ನಿಂತ ಬಿಳಿ ಗೋಪುರ, ಒಡಲಿನ ಕಪ್ಪು.

ಈ ಕೆಲಸದಲ್ಲಿ ಇಸ್ತ್ರಿಗಿಂತ ಎಣಿಕೆ ದೊಡ್ಡದು. ಎಣಿಕೆ ಸರಿಯಿದ್ದರೆ ತುಂಡುಗಳು ತಾವಾಗಿಯೇ ಕೂಡುತ್ತವೆ. ಎಣಿಕೆ ತಪ್ಪಿದರೆ ಎಷ್ಟು ಚಂದ ಇಸ್ತ್ರಿ ಮಾಡಿದರೂ ಪ್ರಯೋಜನ ಇಲ್ಲ. ಅದಕ್ಕೇ ಕಸೂತಿ ಬಲ್ಲವರು ಮನೆಯಲ್ಲಿದ್ದರೆ ಅವರನ್ನೇ ಮೊದಲು ಕೂರಿಸಿಕೊಳ್ಳಿ. ಬಟ್ಟೆಯ ಎಳೆ ಎಣಿಸಿ ಗವಂತಿ, ಮುರ್ಗಿ ಹೊಲಿಗೆ ಹಾಕಿದ ಕೈಗೆ ಇದು ಹೊಸ ವಿದ್ಯೆ ಅನ್ನಿಸುವುದಿಲ್ಲ. ಅಂದ ಹಾಗೆ, ಇಂಥ ಕರಗುವ ಮಣಿಯನ್ನು 1950ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಗುನ್ನಾರ್ ಕ್ನುಟ್ಸನ್ ಎಂಬವರು ರೂಪಿಸಿದ್ದು ವಯಸ್ಸಾದವರ ಕೈಗೆ ಒಂದು ಚಿಕಿತ್ಸೆಯಾಗಲಿ ಎಂದು. ಮಕ್ಕಳ ಆಟ ಆಗಿದ್ದು ಆಮೇಲೆ.

ಯಾವ ಮಣಿ, ಏನೇನು ಬೇಕು

ಫ್ಯೂಸ್ ಬೀಡ್ಸ್ ಮುಖ್ಯವಾಗಿ ಮೂರು ಅಳತೆಯಲ್ಲಿ ಬರುತ್ತವೆ: 2.6 ಮಿಲಿಮೀಟರ್, 5 ಮಿಲಿಮೀಟರ್, 10 ಮಿಲಿಮೀಟರ್. ನಮಗೆ ಬೇಕಾದ್ದು 5ರದ್ದು. 2.6ರ ಮಣಿಯಲ್ಲಿ ಚಿತ್ರ ನಾಜೂಕಾಗಿ ಬರುತ್ತದೆ ನಿಜ, ಆದರೆ ಗೋಡೆ ತೆಳ್ಳಗಾಗುತ್ತದೆ, ಕೆಲಸ ನಾಲ್ಕು ಪಟ್ಟಾಗುತ್ತದೆ. ಹಮಾ, ಪರ್ಲರ್, ಆರ್ಟ್‌ಕಲ್ ಹೆಸರಿನವು ಜಗತ್ತಿನೆಲ್ಲೆಡೆ ಬಳಕೆಯಲ್ಲಿವೆ. ಹೆಸರಿಲ್ಲದ ಅಗ್ಗದ ಪ್ಯಾಕೆಟ್ ಕೂಡ ನಡೆಯುತ್ತದೆ. ಒಂದೇ ಮಾತು: ಒಂದು ಟ್ರೇಗೆ ಒಂದೇ ಕಂಪನಿಯ ಮಣಿ ಬಳಸಿ. ಬೇರೆ ಬೇರೆ ಕಂಪನಿಯ ಮಣಿ ಬೇರೆ ಬೇರೆ ಶಾಖಕ್ಕೆ ಕರಗುತ್ತವೆ. ಬೆರೆಸಿದರೆ ಒಂದು ಮಣಿ ಕರಗಿ ಹರಡಿರುತ್ತದೆ, ಪಕ್ಕದ್ದು ಇನ್ನೂ ಗಟ್ಟಿಯಾಗಿ ಕೂತಿರುತ್ತದೆ.

ನೀರು ಚಿಮುಕಿಸಿದರೆ ಅಂಟಿಕೊಳ್ಳುವ ದುಂಡು ಮಣಿಗಳೂ ಸಿಗುತ್ತವೆ. ನೋಡಲು ಹೆಚ್ಚು ಕಡಿಮೆ ಇದೇ ತರಹ ಇರುತ್ತವೆ. ಅವು ಈ ಕೆಲಸಕ್ಕಲ್ಲ, ಅವಕ್ಕೆ ಇಸ್ತ್ರಿ ತಾಗಿಸಲೂ ಬಾರದು. ಕೊಳ್ಳುವಾಗ ಮಣಿ ಸಣ್ಣ ಕೊಳವೆಯ ತುಂಡಿನಂತಿದೆಯೇ, ಆಚೆಯಿಂದ ಈಚೆಗೆ ತೂತು ಇದೆಯೇ ನೋಡಿಕೊಳ್ಳಿ.

ಒಟ್ಟು 1140 ಮಣಿ ಬೇಕು. ಕೆಂಪು 538, ಕಪ್ಪು 377, ಬಿಳಿ 144, ಹಳದಿ 81. ಕೆಂಪು ಅಂದರೆ ದಾಳಿಂಬೆ ಕೆಂಪು ಸಿಕ್ಕರೆ ಇಳಕಲ್ ಕಳೆ ಬರುತ್ತದೆ. ಆಟಿಕೆಯ ಹಸಿ ಕೆಂಪು ಅಷ್ಟು ಒಪ್ಪುವುದಿಲ್ಲ. ಪ್ರತಿ ಬಣ್ಣದಲ್ಲೂ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಿ. ಕೆಲವು ಮಣಿ ಓರೆಯಾಗಿ ಕತ್ತರಿಸಿರುತ್ತವೆ, ಅಂಥವನ್ನು ಪಕ್ಕಕ್ಕೆ ಹಾಕಬೇಕಾಗುತ್ತದೆ.

ಉಳಿದದ್ದು: 29 ಸಾಲು, 29 ಕಾಲಂ ಇರುವ ಚೌಕ ಪೆಗ್‌ಬೋರ್ಡ್ ಒಂದು (ಎರಡಿದ್ದರೆ ಕೆಲಸ ಬೇಗ), ಚಿಮಟ, ಗ್ರಾಫ್ ಹಾಳೆ, ಇಸ್ತ್ರಿ ಪೆಟ್ಟಿಗೆ, ಬೇಕಿಂಗ್ ಪೇಪರ್, ಉಗುರು ಉಜ್ಜುವ ಅರ, ದಪ್ಪ ಸೂಜಿ, ಕೆಂಪು ಮತ್ತು ಬಿಳಿ ಬಣ್ಣದ ಗಟ್ಟಿ ನೈಲಾನ್ ದಾರ. ಕಾಗದದ ವಿಷಯದಲ್ಲಿ ಎಚ್ಚರ ಬೇಕು. ಸ್ಟೇಷನರಿ ಅಂಗಡಿಯಲ್ಲಿ ಚಿತ್ರ ತಿದ್ದಲು ಕೊಡುವ ಬಟರ್ ಪೇಪರ್ ಬೇರೆ, ಕೇಕ್ ಬೇಯಿಸುವಾಗ ಹಾಸುವ ಕಾಗದ ಬೇರೆ. ಎರಡನೆಯದಕ್ಕೆ ಸಿಲಿಕೋನ್ ಲೇಪ ಇರುತ್ತದೆ, ಕರಗಿದ ಪ್ಲಾಸ್ಟಿಕ್ ಅದಕ್ಕೆ ಅಂಟುವುದಿಲ್ಲ. ಮೇಣದ ಕಾಗದವಂತೂ ಬೇಡವೇ ಬೇಡ. ಮೇಣ ಕರಗಿ ಮಣಿಗೂ ಇಸ್ತ್ರಿಗೂ ಮೆತ್ತಿಕೊಳ್ಳುತ್ತದೆ.

ಕಚ್ಚು ಎಲ್ಲಿರಬೇಕು

ಮಣಿಯ ಅಗಲ 5 ಮಿಲಿಮೀಟರ್, ಎತ್ತರವೂ 5 ಮಿಲಿಮೀಟರ್. ಆದ್ದರಿಂದ ಇಸ್ತ್ರಿ ಮಾಡಿದ ತುಂಡಿನ ದಪ್ಪ ಹೆಚ್ಚು ಕಡಿಮೆ ಒಂದು ಮಣಿಯ ಅಗಲದಷ್ಟೇ. ಈ ಇಡೀ ಟ್ರೇ ನಿಂತಿರುವುದು ಈ ಒಂದು ಲೆಕ್ಕದ ಮೇಲೆ. ಒಂದು ತುಂಡಿನಲ್ಲಿ ಒಂದು ಸಾಲು ಮಣಿ ಬಿಟ್ಟರೆ ಅಲ್ಲಿ ಇನ್ನೊಂದು ತುಂಡಿನ ಅಂಚು ಸರಿಯಾಗಿ ಕೂರುತ್ತದೆ.

ತಳದ ಹಲ್ಲು ಗೋಡೆಯ ಯಾವ ಸಾಲಿಗೆ ಬರಬೇಕು? ಎಲ್ಲಕ್ಕಿಂತ ಕೆಳಗಿನ ಸಾಲಿಗೆ ಅಂತ ಮೊದಲು ತೋಚುತ್ತದೆ. ಹಾಗೆ ಮಾಡಿದರೆ ಕಚ್ಚಿನ ಕೆಳಬದಿ ತೆರೆದೇ ಇರುತ್ತದೆ. ಟ್ರೇ ಎತ್ತಿದಾಗ ಒಳಗಿನ ಭಾರಕ್ಕೆ ತಳ ಜಾರಿ ಬೀಳುತ್ತದೆ. ಕಚ್ಚನ್ನು ಎರಡನೇ ಸಾಲಿಗೆ ಏರಿಸಿ. ಆಗ ಕೆಳಗೊಂದು ಸಾಲು, ಮೇಲೊಂದು ಸಾಲು ಮಣಿ ಹಲ್ಲನ್ನು ಹಿಡಿದುಕೊಳ್ಳುತ್ತವೆ. ತಳ ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ಕೆಳಗಿನ ಸಾಲು ಟ್ರೇಗೆ ಕಾಲಿನಂತೆ ಉಳಿಯುತ್ತದೆ.

ಈಗ ಗ್ರಾಫ್ ಹಾಳೆ ತೆಗೆದುಕೊಳ್ಳಿ. 5 ಮಿಲಿಮೀಟರಿಗೊಂದು ಗೆರೆ ಎಳೆದರೆ ಚಿತ್ರ ನಿಜವಾದ ಅಳತೆಯಲ್ಲೇ ಬರುತ್ತದೆ. ಪೆಗ್‌ಬೋರ್ಡ್ ಪಾರದರ್ಶಕವಾಗಿದ್ದರೆ ಹಾಳೆಯನ್ನು ಅದರ ಕೆಳಗೇ ಇಟ್ಟು ಮಣಿ ಜೋಡಿಸಬಹುದು. ಕಾಲಂಗಳನ್ನು ಎಡದಿಂದ ಬಲಕ್ಕೆ, ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಎಣಿಸೋಣ.

ತಳ, ಒಂದು ತುಂಡು, ಪೂರ್ತಿ ಕಪ್ಪು. 25 ಕಾಲಂ, 17 ಸಾಲಿನ ಚೌಕಟ್ಟು ಎಳೆಯಿರಿ. 2ರಿಂದ 24ನೇ ಕಾಲಂ, 2ರಿಂದ 16ನೇ ಸಾಲು ಪೂರ್ತಿ ತುಂಬಬೇಕು. 1ನೇ ಮತ್ತು 17ನೇ ಸಾಲಿನಲ್ಲಿ 6–10 ಮತ್ತು 16–20ನೇ ಕಾಲಂ ಮಾತ್ರ. 1ನೇ ಮತ್ತು 25ನೇ ಕಾಲಂನಲ್ಲಿ 5–7 ಮತ್ತು 11–13ನೇ ಸಾಲು ಮಾತ್ರ. ಹೊರಗೆ ಚಾಚಿರುವ ಈ ಎಂಟೂ ತಳದ ಹಲ್ಲುಗಳು.

ಉದ್ದ ಗೋಡೆ, ಎರಡು ತುಂಡು. 25 ಕಾಲಂ, 9 ಸಾಲು. 1ನೇ ಸಾಲು ಪೂರ್ತಿ. 2ನೇ ಸಾಲಿನಲ್ಲಿ 6–10 ಮತ್ತು 16–20 ಬಿಡಿ, ಉಳಿದದ್ದು ತುಂಬಿ. 3ನೇ ಸಾಲು ಪೂರ್ತಿ. 4, 5, 6ನೇ ಸಾಲಿನಲ್ಲಿ 1, 13 ಮತ್ತು 25ನೇ ಕಾಲಂ ಬಿಡಿ. ಅಕ್ಕಪಕ್ಕದ ಕಚ್ಚು ಗಿಡ್ಡ ಗೋಡೆಗೆ, ನಡುವಿನ ತೂತು ಒಳಗಿನ ಅಡ್ಡಗೋಡೆಗೆ. ಇಲ್ಲಿಯವರೆಗೆ ಎಲ್ಲಾ ಕೆಂಪು. 7ನೇ ಸಾಲು ಪೂರ್ತಿ ಬಿಳಿ. 8ನೇ ಸಾಲಿನಲ್ಲಿ 2–4, 7–9, 12–14, 17–19, 22–24 ಬಿಳಿ, ಉಳಿದದ್ದು ಕೆಂಪು. 9ನೇ ಸಾಲಿನಲ್ಲಿ 3, 8, 13, 18, 23 ಮಾತ್ರ ಬಿಳಿ. ಐದು ಬಿಳಿ ಗೋಪುರ ಎದ್ದು ನಿಂತವು ನೋಡಿ. ಒಂದು ತುಂಡಿಗೆ 206 ಮಣಿ.

ಗಿಡ್ಡ ಗೋಡೆ, ಎರಡು ತುಂಡು. 17 ಕಾಲಂ, 9 ಸಾಲು. 1ನೇ ಮತ್ತು 3ನೇ ಸಾಲಿನಲ್ಲಿ 2ರಿಂದ 16ರವರೆಗೆ. 2ನೇ ಸಾಲಿನಲ್ಲಿ 2–4, 8–10, 14–16 ಮಾತ್ರ. 4, 5, 6ನೇ ಸಾಲು 1ರಿಂದ 17, ಪೂರ್ತಿ. 7, 8, 9ನೇ ಸಾಲು ಮತ್ತೆ 2ರಿಂದ 16. ಬಿಳಿ ಬರುವುದು 7ನೇ ಸಾಲು ಪೂರ್ತಿ, 8ನೇ ಸಾಲಿನಲ್ಲಿ 3–5, 8–10, 13–15, 9ನೇ ಸಾಲಿನಲ್ಲಿ 4, 9, 14. ಇಲ್ಲಿ ಮೂರು ಗೋಪುರ. ಒಂದು ತುಂಡಿಗೆ 135 ಮಣಿ.

ಅಡ್ಡಗೋಡೆ, ಒಂದು ತುಂಡು, ಹಳದಿ. 17 ಕಾಲಂ, 5 ಸಾಲು. 2ರಿಂದ 16ನೇ ಕಾಲಂ ಪೂರ್ತಿ. 1 ಮತ್ತು 17ನೇ ಕಾಲಂನಲ್ಲಿ 2, 3, 4ನೇ ಸಾಲು ಮಾತ್ರ. ಕೂಡಿಸಿದಾಗ ಇದರ ಮೇಲಂಚು ಹೊರಗೋಡೆಯ ಮೇಲಂಚಿಗಿಂತ ಎರಡು ಮಣಿ ಕೆಳಗಿರುತ್ತದೆ. ಬೆರಳು ಹಾಕಿ ಪಿನ್ನು ತೆಗೆಯುವಾಗ ಅದು ಅಡ್ಡ ಬರುವುದಿಲ್ಲ.

ಮೊದಲ ಸಲ ಮಾಡುವವರು ಗ್ರಾಫ್ ಚಿತ್ರವನ್ನು ರಟ್ಟಿನ ಮೇಲೆ ಅಂಟಿಸಿ, ಕತ್ತರಿಸಿ, ಒಮ್ಮೆ ಕೂಡಿಸಿ ನೋಡಿ. ಯಾವ ಹಲ್ಲು ಯಾವ ಕಚ್ಚಿಗೆ ಹೋಗುತ್ತದೆ ಅಂತ ಕೈಗೇ ತಿಳಿಯುತ್ತದೆ. ಆಮೇಲೆ ಸಾಲು ಎಣಿಸುವಾಗ ಗೊಂದಲ ಆಗುವುದಿಲ್ಲ.

ಮಣಿ ಜೋಡಿಸುವುದು

ಇದರ ಬಗ್ಗೆ ಹೇಳುವಂಥದ್ದು ಕಮ್ಮಿ. ಎರಡು ಉದ್ದ ಗೋಡೆ ಮತ್ತು ಅಡ್ಡಗೋಡೆ, ನಡುವೆ ಒಂದೆರಡು ಸಾಲು ಬಿಟ್ಟರೂ, ಒಂದೇ ಬೋರ್ಡಿನಲ್ಲಿ ಹಿಡಿಸುತ್ತವೆ. ಗಿಡ್ಡ ಗೋಡೆಗಳೆರಡೂ ಒಂದರಲ್ಲಿ. ತಳಕ್ಕೆ ಒಂದು ಬೋರ್ಡ್ ಬೇಕು. ಮೊದಲು ಹೊರ ಅಂಚು ಮತ್ತು ಕಚ್ಚಿನ ಸುತ್ತಲಿನ ಮಣಿ ಇಡಿ, ಒಳಗಿನದ್ದು ಆಮೇಲೆ ತುಂಬಿ. ಅಂಚು ಸರಿಯಿದ್ದರೆ ಒಳಗೆ ಎಣಿಸುವ ಅಗತ್ಯವೇ ಇಲ್ಲ. ಜೋಡಿಸಿದ ಮೇಲೆ ಬೋರ್ಡನ್ನು ಕಣ್ಣಿನ ಮಟ್ಟಕ್ಕೆ ತಂದು ಅಡ್ಡವಾಗಿ ನೋಡಿ. ಮೇಲೆದ್ದ ಮಣಿ, ಗಿಡ್ಡ ಮಣಿ ಆಗ ಕಣ್ಣಿಗೆ ಬೀಳುತ್ತವೆ. ಅವನ್ನು ಬದಲಿಸಿ. ಗಿಡ್ಡ ಮಣಿಗೆ ಇಸ್ತ್ರಿ ತಾಗುವುದಿಲ್ಲ, ಅದು ಆಮೇಲೆ ಉದುರುತ್ತದೆ.

ಜೋಡಿಸುವ ಕೆಲಸ ಐದಾರು ವರ್ಷದ ಮಕ್ಕಳಿಗೂ ಕೊಡಬಹುದು. ಅವರ ಬೆರಳು ನಮಗಿಂತ ಚುರುಕು, ಅಲ್ವಾ? ಆದರೆ ಮೂರು ವರ್ಷದ ಒಳಗಿನ ಕೂಸು ಮನೆಯಲ್ಲಿದ್ದರೆ ಮಣಿಯ ಡಬ್ಬಿ ಅದರ ಕೈಗೆ ಎಟುಕದಿರಲಿ. ಗಂಟಲಿಗೆ ಸಿಕ್ಕಿಕೊಳ್ಳುವ ಅಳತೆಯದು. ಇಸ್ತ್ರಿ ಕೆಲಸ ದೊಡ್ಡವರದೇ.

ಇಸ್ತ್ರಿ: ಕಮ್ಮಿ ಶಾಖ, ಎರಡೂ ಬದಿ, ಸಮ ಹೊತ್ತು

ಈ ಮಣಿಗಳಲ್ಲಿ ಹೆಚ್ಚಿನವು ಪಾಲಿಥಿನ್ ಜಾತಿಯವು. ನಮ್ಮ ಹಾಲಿನ ಪ್ಯಾಕೆಟ್ ಆಗುವುದೂ ಅದರಲ್ಲೇ. ಮೆತ್ತನೆಯ ಪಾಲಿಥಿನ್ ಕರಗಲು 110 ಡಿಗ್ರಿ ಆಸುಪಾಸಿನ ಶಾಖ ಸಾಕು. ಇಸ್ತ್ರಿಯಲ್ಲಿ ಒಂದು ಚುಕ್ಕೆ ಅಂದರೆ ಹೆಚ್ಚೆಂದರೆ 110 ಡಿಗ್ರಿ, ಎರಡು ಚುಕ್ಕೆ 150, ಮೂರು ಚುಕ್ಕೆ 200. ಎರಡು ಚುಕ್ಕೆ, ಅಂದರೆ ರೇಷ್ಮೆ–ಉಣ್ಣೆಯ ಗುರುತು, ನಮ್ಮ ಕೆಲಸಕ್ಕೆ ಸರಿ. ಕಾಟನ್ ಗುರುತಿಗೆ ತಿರುಗಿಸಿದರೆ ಮಣಿ ನೋಡುನೋಡುತ್ತಲೇ ಹರಡಿಬಿಡುತ್ತದೆ.

ಸ್ಟೀಮ್ ಇಸ್ತ್ರಿ ಆಗಿದ್ದರೆ ನೀರು ಖಾಲಿ ಮಾಡಿ, ಸ್ಟೀಮ್ ಬಂದ್ ಮಾಡಿ. ತಳದಲ್ಲಿ ತೂತಿಲ್ಲದ ಹಳೇ ಭಾರದ ಇಸ್ತ್ರಿ ಇದ್ದರೆ ಅದೇ ಉತ್ತಮ, ಶಾಖ ಎಲ್ಲಾ ಕಡೆ ಸಮ ತಾಗುತ್ತದೆ. ಇದ್ದಿಲಿನ ಇಸ್ತ್ರಿ ಬೇಡ, ಅದರ ಶಾಖ ನಮ್ಮ ಹಿಡಿತದಲ್ಲಿ ಇರುವುದಿಲ್ಲ. ನಡುವೆ ಕರೆಂಟ್ ಹೋಗಿ ಬಂದರೆ ಇಸ್ತ್ರಿ ಮತ್ತೆ ಪೂರ್ತಿ ಕಾಯುವವರೆಗೆ ತಡೆಯಿರಿ. ಅರೆಬಿಸಿ ಇಸ್ತ್ರಿಯಿಂದ ಒಂದು ಭಾಗ ಹತ್ತಿ ಇನ್ನೊಂದು ಭಾಗ ಹತ್ತದೆ ಉಳಿಯುತ್ತದೆ. ಕಿಟಕಿ ತೆರೆದಿರಲಿ, ಫ್ಯಾನ್ ಮಾತ್ರ ಬಂದ್ ಇರಲಿ. ಏಪ್ರಿಲ್–ಮೇ ತಿಂಗಳ ನಮ್ಮ ಬಿಸಿಲಿಗೆ ಇದು ಕಷ್ಟದ ಮಾತೇ. ಆದರೆ ಫ್ಯಾನಿನ ಗಾಳಿಗೆ ಕಾಗದ ಎದ್ದರೆ ಅಂಚಿನ ಮಣಿ ಕದಲಿ ಕಚ್ಚಿನ ಲೆಕ್ಕವೇ ಕೆಡುತ್ತದೆ. ಬೆಳಗಿನ ಹೊತ್ತು ಮಾಡುವುದು ಹಿತ.

ನೇರವಾಗಿ ಟ್ರೇಯ ತುಂಡಿಗೆ ಕೈ ಹಾಕಬೇಡಿ. ಮೊದಲು ಐದು ಕಾಲಂ, ಐದು ಸಾಲಿನ ಎರಡು ಪರೀಕ್ಷಾ ತುಂಡು ಮಾಡಿ. ಒಂದರಲ್ಲಿ ನಡುವೆ ಮೂರು ಮಣಿ ಉದ್ದದ ಕಚ್ಚು ಬಿಡಿ, ಇನ್ನೊಂದರ ಅಂಚಿನಲ್ಲಿ ಮೂರು ಮಣಿಯ ಹಲ್ಲು ಇರಲಿ. ಇಸ್ತ್ರಿ ಮಾಡಿ, ಆರಿಸಿ, ಕೂಡಿಸಿ ನೋಡಿ. ಸ್ವಲ್ಪ ಒತ್ತಿದರೆ ಹಲ್ಲು ಒಳಗೆ ಹೋಗಿ ಅಲ್ಲಾಡದೆ ನಿಂತರೆ ನಿಮ್ಮ ಶಾಖ, ನಿಮ್ಮ ಸಮಯ ಸರಿಯಿದೆ. ಹೋಗಲೇ ಇಲ್ಲ ಅಂದರೆ ಕರಗಿದ್ದು ಜಾಸ್ತಿಯಾಗಿದೆ. ಈ ತುಂಡನ್ನು ಮಾದರಿಯಾಗಿ ಪಕ್ಕಕ್ಕಿಡಿ. ಉಳಿದ ಆರೂ ತುಂಡು ಅದೇ ಹದಕ್ಕೆ ಬರಬೇಕು.

ಬೋರ್ಡನ್ನು ಸಮತಟ್ಟಾದ ಗಟ್ಟಿ ಜಾಗದಲ್ಲಿಟ್ಟು ಮೇಲೆ ಬೇಕಿಂಗ್ ಪೇಪರ್ ಹಾಸಿ. ಇಸ್ತ್ರಿಯನ್ನು ಒತ್ತಬೇಡಿ, ಅದರ ಭಾರವೇ ಸಾಕು. ಸಣ್ಣ ಸುತ್ತು ಹಾಕುತ್ತಾ 10ರಿಂದ 20 ಸೆಕೆಂಡ್ ಆಡಿಸಿ. ಕಾಗದದ ಮೂಲಕ ಮಣಿಯ ಬಾಯಿ ಮಸುಕಾಗಿ ಕಾಣುತ್ತದೆ. ಪಕ್ಕದ ಮಣಿಗಳ ನಡುವಿನ ಸಂದು ಮುಚ್ಚಿ, ಮಣಿಯೊಳಗಿನ ತೂತು ಅರ್ಧದಷ್ಟಾದರೂ ತೆರೆದಿರುವಾಗಲೇ ನಿಲ್ಲಿಸಬೇಕು. ಚಿತ್ರ ಮಾಡುವವರು ತೂತು ಪೂರ್ತಿ ಮುಚ್ಚುವವರೆಗೆ ಕರಗಿಸುವುದುಂಟು. ಅದು ನುಣುಪಾಗಿ ಕಾಣುತ್ತದೆ, ಆದರೆ ಟ್ರೇಗೆ ನಡೆಯದು. ತುಂಡು ತೆಳ್ಳಗಾಗಿ ಅಗಲಕ್ಕೆ ಹರಡುತ್ತದೆ. ಹಲ್ಲು ಉಬ್ಬುತ್ತದೆ, ಕಚ್ಚು ಕಿರಿದಾಗುತ್ತದೆ, ದಪ್ಪ ಒಂದು ಮಣಿಯಷ್ಟು ಉಳಿಯುವುದಿಲ್ಲ.

ತುಂಡು ಆರುವವರೆಗೆ ಕಾಗದ ಎಳೆಯಬೇಡಿ. ಆರಿದ ಮೇಲೆ ಕಾಗದ ತಾನೇ ಬಿಟ್ಟುಕೊಳ್ಳುತ್ತದೆ. ತುಂಡನ್ನು ಬೋರ್ಡಿನಿಂದ ಬಿಡಿಸಿ, ಮಗುಚಿ, ಇನ್ನೊಂದು ಬದಿಗೂ ಅಷ್ಟೇ ಹೊತ್ತು ಇಸ್ತ್ರಿ ಮಾಡಿ. ಪ್ಲಾಸ್ಟಿಕ್ ಆರುವಾಗ ಕುಗ್ಗುತ್ತದೆ. ಒಂದೇ ಬದಿ ಕರಗಿಸಿದರೆ ಆ ಬದಿ ಮಾತ್ರ ಕುಗ್ಗಿ ತುಂಡು ದೋಣಿಯಂತೆ ಬಾಗುತ್ತದೆ. ಬಾಗಿದ ಗೋಡೆಯ ಹಲ್ಲು ಕಚ್ಚಿಗೆ ಕೂರುವುದಿಲ್ಲ.

ಎರಡನೇ ಬದಿ ಆದ ಕೂಡಲೇ, ಬಿಸಿ ಇರುವಾಗಲೇ, ಕಾಗದದ ಸಮೇತ ಭಾರದ ಕೆಳಗೆ ಇಡಿ. ದಪ್ಪ ಪುಸ್ತಕ ಸಾಕು. ಆದರೆ ನಮ್ಮ ಕಡೆ ಅದಕ್ಕಿಂತ ಒಳ್ಳೆಯದೊಂದು ಸುಲಭವಾಗಿ ಸಿಗುತ್ತದೆ: ಮನೆ ಕಟ್ಟುವಾಗ ಉಳಿದ ಇಳಕಲ್ ಗ್ರಾನೈಟಿನ ತುಂಡು. ಪಾಲಿಶ್ ಆದ ಬದಿ ಕೆಳಗೆ ಮಾಡಿ ಹೇರಿದರೆ ಕಲ್ಲು ಶಾಖವನ್ನು ಬೇಗ ಹೀರಿಕೊಳ್ಳುತ್ತದೆ, ತುಂಡು ಹಲಗೆಯಷ್ಟು ನೆಟ್ಟಗೆ ಬರುತ್ತದೆ. ಕೈಗೆ ತಣ್ಣಗೆ ಹತ್ತುವವರೆಗೆ ಎತ್ತಬೇಡಿ.

ಅಗ್ಗದ ಪೆಗ್‌ಬೋರ್ಡ್ ಶಾಖಕ್ಕೆ ಸೊಟ್ಟಗಾಗುವುದುಂಟು. ಹಾಗಾಗದಿರಲು ಜೋಡಿಸಿದ ಮಣಿಯ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಸೂಜಿಯಿಂದ ಟೇಪಿಗೆ ಅಲ್ಲಲ್ಲಿ ಚುಚ್ಚಿ. ಬಿಸಿ ಗಾಳಿ ಹೊರಹೋಗಲು ದಾರಿ ಬೇಕಲ್ಲ. ಆಮೇಲೆ ಟೇಪಿನ ಸಮೇತ ಇಡೀ ತುಂಡನ್ನು ಬೋರ್ಡಿನಿಂದ ಎತ್ತಿ ಮಗುಚಿ. ಟೇಪ್ ಇಲ್ಲದ ಬದಿಯನ್ನು ಮೊದಲು ಇಸ್ತ್ರಿ ಮಾಡಿ, ಆರಿದ ಮೇಲೆ ಟೇಪ್ ಕಿತ್ತು ಇನ್ನೊಂದು ಬದಿ ಮಾಡಿ.

ಕೂಡಿಸುವುದು

ಅಂಟಿನ ಆಸೆ ಬಿಡಿ. ಪಾಲಿಥಿನ್ ಮೈಗೆ ಮರದ ಬಿಳಿ ಅಂಟು ಹಿಡಿಯುವುದಿಲ್ಲ, ಕ್ಷಣದಲ್ಲಿ ಹತ್ತುವ ಅಂಟೂ ಸ್ವಲ್ಪ ಬಾಗಿಸಿದರೆ ಸಿಡಿದು ಬಿಟ್ಟುಕೊಳ್ಳುತ್ತದೆ. ಮುಗಿದ ಟ್ರೇ ನೋಡಿದವರು “ಅಂಟು ಹಚ್ಚಿಲ್ಲಂದ್ರ ಹೆಂಗ ನಿಂತೈತ್ರಿ ಇದು?” ಅಂತ ಕೇಳುತ್ತಾರೆ. ಹಲ್ಲಿನ ಬಿಗಿ ಮತ್ತು ನಾಲ್ಕು ಮೂಲೆಯ ಹೊಲಿಗೆ, ನಿಲ್ಲಿಸಿರುವುದು ಅವೆರಡೇ.

ಮೊದಲು ಪ್ರತಿ ಹಲ್ಲನ್ನೂ ಅದರ ಕಚ್ಚಿಗೆ ಹಿಡಿದು ನೋಡಿ. ಬಿಗಿ ಜಾಸ್ತಿ ಅನ್ನಿಸಿದರೆ ಅರದಿಂದ ಹಲ್ಲಿನ ಎರಡು ಬದಿ ಸ್ವಲ್ಪ ಉಜ್ಜಿ. ಕಚ್ಚನ್ನು ಅಗಲ ಮಾಡಲು ಹೋಗಬೇಡಿ. ಉಜ್ಜಿದ ಹಲ್ಲು ಒಳಗೆ ಮುಚ್ಚಿಹೋಗುತ್ತದೆ, ಉಜ್ಜಿದ ಕಚ್ಚು ಹೊರಗೆ ಕಾಣುತ್ತದೆ.

ಕ್ರಮ ಹೀಗೆ. ತಳವನ್ನು ಮೇಜಿನ ಮೇಲಿಡಿ. ಎರಡು ಗಿಡ್ಡ ಗೋಡೆಗಳನ್ನು ಅಕ್ಕಪಕ್ಕದಿಂದ ತಂದು ತಳದ ಹಲ್ಲುಗಳಿಗೆ ಒತ್ತಿ. ಗೋಪುರದ ತುದಿ ಮೇಲಕ್ಕಿರಲಿ. ಈಗ ಒಂದು ಉದ್ದ ಗೋಡೆಯನ್ನು ಎದುರಿನಿಂದ ತನ್ನಿ. ತಳದ ಎರಡು ಹಲ್ಲು, ಗಿಡ್ಡ ಗೋಡೆಗಳ ಒಂದೊಂದು ಹಲ್ಲು, ಒಟ್ಟು ನಾಲ್ಕು ಒಟ್ಟಿಗೇ ಕೂರಬೇಕು. ಒಂದು ತುದಿಯಿಂದ ಶುರು ಮಾಡಿ ಹೆಬ್ಬೆರಳಿನಿಂದ ಸ್ವಲ್ಪ ಸ್ವಲ್ಪವೇ ಒತ್ತುತ್ತಾ ಹೋಗಿ. ಸುಮ್ನೆ ಒಂದೇ ಏಟಿಗೆ ತಳ್ಳಿದರೆ ಹಲ್ಲು ಮುರಿದೀತು. ನಂತರ ಅಡ್ಡಗೋಡೆಯ ಒಂದು ಹಲ್ಲನ್ನು ನಡುವಿನ ತೂತಿಗೆ ಸೇರಿಸಿ. ಇದನ್ನು ಮರೆತು ಎರಡನೇ ಉದ್ದ ಗೋಡೆ ಮುಚ್ಚಿದರೆ ಅಡ್ಡಗೋಡೆ ಆಮೇಲೆ ಒಳಗೆ ಹೋಗುವುದಿಲ್ಲ. ಕೊನೆಗೆ ಎರಡನೇ ಉದ್ದ ಗೋಡೆ. ಇದಕ್ಕೆ ಐದು ಹಲ್ಲು ಸೇರಬೇಕು, ಇನ್ನೊಬ್ಬರು ಹಿಡಿದುಕೊಂಡರೆ ಸುಲಭ.

ಹಲ್ಲುಗಳು ಗೋಡೆಯ ಹೊರಮೈಗೆ ಸಮವಾಗಿ ಬಂದರೆ ಎಣಿಕೆ ಸರಿಬಂತು. ಕೆಂಪು ಗೋಡೆಯ ಕೆಳಗೆ ಕಪ್ಪು ಪಟ್ಟಿ, ನಡುವೆ ಒಂದು ಹಳದಿ ಗೆರೆ ತಾವೇ ಮೂಡುತ್ತವೆ. ನನಗೆ ಈ ಟ್ರೇಯಲ್ಲಿ ಬಹಳ ಇಷ್ಟವಾಗುವುದು ಇದೇ. ಜೋಡಣೆಯನ್ನು ಮುಚ್ಚಿಡುವ ಅಗತ್ಯ ಇಲ್ಲ, ಅದೇ ಅಲಂಕಾರವಾಗುತ್ತದೆ.

ಈಗ ಮೂಲೆಯ ಹೊಲಿಗೆ. ತೂತು ತೆರೆದೇ ಇರಲಿ ಅಂತ ಇಸ್ತ್ರಿಯಲ್ಲಿ ಹೇಳಿದ್ದಕ್ಕೆ ಇನ್ನೊಂದು ಕಾರಣ ಇದು. ಪ್ರತಿ ಮೂಲೆಯಲ್ಲಿ ಎರಡು ಗೋಡೆಗಳ ಅಂಚಿನಿಂದ ಎರಡನೇ ಕಾಲಂ ಹಿಡಿಯಿರಿ. ಉದ್ದ ಗೋಡೆಯ ಆ ಮಣಿಯ ತೂತಿನಿಂದ ದಾರ ಒಳಗೆ ಹಾಕಿ, ಗಿಡ್ಡ ಗೋಡೆಯ ಮಣಿಯ ತೂತಿನಿಂದ ಹೊರಗೆ ತೆಗೆದು, ಮೂಲೆ ಸುತ್ತಿ ಮತ್ತೆ ಅದೇ ದಾರಿ. ಎರಡು ಮೂರು ಸುತ್ತಾದ ಮೇಲೆ ಒಳಗೆ ಗಂಟು ಹಾಕಿ. 7ನೇ ಸಾಲಿನಲ್ಲಿ ಬಿಳಿ ದಾರ, 3ನೇ ಸಾಲಿನಲ್ಲಿ ಕೆಂಪು ದಾರ. ಎರಡೂ ಗೋಡೆಯಲ್ಲಿ ಆ ಸಾಲಿನ ಬಣ್ಣ ಒಂದೇ ಆದ್ದರಿಂದ ಹೊಲಿಗೆ ಎದ್ದು ಕಾಣುವುದಿಲ್ಲ. ತೂತು ಕಿರಿದಾಗಿದ್ದರೆ ದಪ್ಪ ಸೂಜಿಯ ತುದಿಯಿಂದ ಮೆಲ್ಲಗೆ ತಿರುವಿ ಬಿಡಿಸಿಕೊಳ್ಳಿ. ನಾಲ್ಕು ಮೂಲೆ ಹೊಲಿದ ಮೇಲೆ ಟ್ರೇ ಕೈಯಿಂದ ಜಾರಿ ಬಿದ್ದರೂ ಬಿಡಿಸಿಕೊಳ್ಳುವುದಿಲ್ಲ.

ಬಳಕೆ, ಮತ್ತು ಅಳತೆ ಬದಲಿಸುವುದು

ಕೊಳೆಯಾದರೆ ಸೋಪಿನ ನೀರಲ್ಲಿ ತೊಳೆಯಬಹುದು, ಬಿಸಿ ನೀರು ಬೇಡ. ಒಲೆಯ ಪಕ್ಕ, ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ಕರಗದಿದ್ದರೂ ಭಾರ ಇದ್ದ ಕಡೆ ಬಾಗುತ್ತದೆ. ದೀಪ, ಊದಿನಕಡ್ಡಿಯ ಹತ್ತಿರ ಇಡುವುದಂತೂ ಬೇಡ. ಯಾವುದಾದರೂ ಹಲ್ಲು ಮುರಿದರೆ ಆ ಗೋಡೆಯ ದಾರ ಕತ್ತರಿಸಿ ಅದೊಂದನ್ನೇ ಹೊಸದು ಮಾಡಿ ಹಾಕಬಹುದು.

ಬೇರೆ ಅಳತೆ ಬೇಕಿದ್ದರೆ ಉದ್ದವನ್ನು 15, 25 ಅಥವಾ 35 ಮಣಿ ಇಟ್ಟುಕೊಳ್ಳಿ. ಐದೈದರ ಕಂತಿನಲ್ಲಿ ಗೋಡೆ, ಹಲ್ಲು, ಗೋಡೆ ಅಂತ ಹೋಗಿ ಎರಡೂ ತುದಿಯಲ್ಲಿ ಗೋಡೆಯೇ ಬರುತ್ತದೆ, ಗೋಪುರಗಳೂ ತುಂಡಾಗುವುದಿಲ್ಲ. ಅಗಲಕ್ಕೆ ಐದರ ಮಡಿಗೆ ಎರಡು ಕೂಡಿಸಿ: 12, 17, 22. ಆ ಎರಡು ಮಣಿ ಮೂಲೆಗೆ ಹೋಗುತ್ತವೆ. ಗಿಡ್ಡ ಗೋಡೆಯ ಕಚ್ಚುಗಳನ್ನು ಮಾತ್ರ ಗ್ರಾಫ್ ಮೇಲೆ ಹೊಸದಾಗಿ ಹಂಚಿಕೊಳ್ಳಬೇಕು. ಎಡಕ್ಕೂ ಬಲಕ್ಕೂ ಒಂದೇ ಸಮ ಇರಲಿ, ಇಲ್ಲದಿದ್ದರೆ ಎದುರು ಬದುರಿನ ಗೋಡೆಗಳು ಅದಲು ಬದಲಾದಾಗ ಕೂರುವುದಿಲ್ಲ. 29 ದಾಟಿದರೆ ಎರಡು ಬೋರ್ಡ್ ಪಕ್ಕಪಕ್ಕ ಸೇರಿಸಬೇಕಾಗುತ್ತದೆ. ಉದ್ದ ಗೋಡೆ ನಡುವೆ ಹೊರಕ್ಕೆ ಬಾಗುವ ಸ್ವಭಾವದ್ದು, ಹಾಗಾಗಿ 35ರ ಟ್ರೇಗೆ ಒಂದರ ಬದಲು ಎರಡು ಅಡ್ಡಗೋಡೆ ಹಾಕಿ, 12ನೇ ಕಾಲಂಗೆ ಒಂದು, 24ನೇ ಕಾಲಂಗೆ ಒಂದು.